ಮಣ್ಣು ಮತ್ತು ಕುಂಬಾರ



ಭಯೋತ್ಪಾದನೆಗೆ ಕಾರಣವೇನೆಂದು ನಾವು ತರುಣರನ್ನು ಕೇಳಿದರೆ ಬಡತನವೆಂದು ಕೆಲವರು, ಮತಾಂಧತೆಯೆಂದು ಕೆಲವರು ಹೇಳುತ್ತಾರೆ. ತರ್ಕಶಾಸ್ತ್ರದಲ್ಲಿ ಗಡಿಗೆಗೆ ಮಣ್ಣು ಉಪಾದಾನಕಾರಣ, ಕುಂಬಾರ ನಿಮಿತ್ತಕಾರಣ. 2008ರ ನವೆಂಬರ್ 26ರಂದು ಮುಂಬಯಿಗೆ ನುಗ್ಗಿ 166 ಜನರ ಪ್ರಾಣ ತೆಗೆದವರು 10 ಮಂದಿ ತರುಣರು. ಜೀವಂತ ಸಿಕ್ಕ ಕಸಬನು ಬಡವರ ಮನೆಯ ಹುಡುಗ, ಶಾಲೆ ಬಿಟ್ಟವನು. ಇದು ಮಣ್ಣು. ದೂರದಲ್ಲಿ ಸುರಕ್ಷಿತವಾಗಿ ಕುಳಿತು, ಕೊಲ್ಲಿರೆಂದು ಫೋನಿನಲ್ಲಿ ಆಜ್ಞೆ ಕೊಡುತ್ತಿದ್ದವರು ಕುಂಬಾರರು.

ಕೋಟ್ಯಂತರ ಬಡವರು ಬೆವರು ಸುರಿಸಿ ಬದುಕುತ್ತಾರೆ, ಬಂದೂಕು ಹಿಡಿಯುವುದಿಲ್ಲ. ಬಡತನವೊಂದನ್ನೇ ದೂರಿದರೆ ಅವರಿಗೆ ಅವಮಾನ ಮಾಡಿದಂತೆ. ಹಾಗೆಂದು ಮಣ್ಣನ್ನು ಮರೆಯಲೂಬಾರದು. ಅದರಿಂದ ಹಣತೆಯೂ ಆಗುತ್ತದೆ. ನಿಮ್ಮ ಊರಿನಲ್ಲಿ ಓದು ಬಿಟ್ಟು, ಕೆಲಸವಿಲ್ಲದೆ ಅಲೆಯುವ ಹುಡುಗನಿದ್ದರೆ ಕರೆದು ಮಾತನಾಡಿಸಿರಿ. ನೀವು ಕೈ ಹಿಡಿಯದಿದ್ದರೆ ಮತ್ತಾರೋ ಹಿಡಿಯುತ್ತಾರೆ.