ಮೂಗ ಯಾರು?

ನಾಳೆ ಸೆಪ್ಟೆಂಬರ್ 5, ಶಿಕ್ಷಕರ ದಿನಾಚರಣೆ. ಎಲ್ಲ ಶಾಲೆಗಳಲ್ಲೂ ರಾಧಾಕೃಷ್ಣನ್ ಅವರ ಫೋಟೋಗೆ ಹಾರ ಬೀಳುತ್ತೆ. ಕ್ಲಾಸಿಗೆ ಮೊದಲು ಬರೋ ಹುಡುಗ ಭಾಷಣ ಮಾಡ್ತಾನೆ. ಆದರೆ ಭಾಷಣ ಮಾಡು ಅಂತ ಯಾರೂ ಕರೆಯದ ಹುಡುಗ ಒಬ್ಬ ಇರ್ತಾನಲ್ಲ, ಕೊನೇ ಸಾಲಿನಲ್ಲಿ? 'ಅವನಾ? ಅವನು ಸರಿ ಹೋಗಲ್ಲ ಬಿಡಿ' ಅಂತ ಸ್ಟಾಫ್ ರೂಮಿನಲ್ಲಿ ಷರಾ ಬರೆಸಿಕೊಂಡವನು? ಇವತ್ತಿನ ಮಾತು ಅವನ ಬಗ್ಗೆ.

ಮೊದಲು ಒಂದು ಹಳೇ ಕಥೆ. ಮುಂಡಗೋಡದಿಂದ ಪೂರ್ವಕ್ಕೆ ಹೊರಟರೆ ಪಕ್ಕದಲ್ಲೇ ಶಿಗ್ಗಾಂವಿ ತಾಲೂಕು. ಅಲ್ಲಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದವರು ಷರೀಫರು. ಕಳಸದ ಗೋವಿಂದ ಭಟ್ಟರು ಆ ಹುಡುಗನನ್ನು ಮೊದಲು ಕಂಡಾಗ 'ನಿನ್ನ ಅಪ್ಪ ಯಾರು' ಅಂತ ಕೇಳಿದರಂತೆ. ನಿಮ್ಮ ಅಪ್ಪ ಯಾರೋ ಅವನೇ ನನ್ನ ಅಪ್ಪನೂ ಅಂತ ಹುಡುಗ ಉತ್ತರ ಕೊಟ್ಟನಂತೆ. ಉತ್ತರ ಕರ್ನಾಟಕದ ಜನರ ಬಾಯಲ್ಲಿ ಇವತ್ತಿಗೂ ಇರೋ ಕಥೆ ಇದು.

ಈಗ ಯೋಚನೆ ಮಾಡಿ. ಇದೇ ಉತ್ತರವನ್ನು ಇವತ್ತು ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಕೊಟ್ಟರೆ ಏನಾಗುತ್ತೆ? ಉದ್ಧಟ ಅಂತೀವಿ. ಅಪ್ಪನನ್ನು ಕರ್ಕೊಂಡು ಬಾ ಅಂತೀವಿ. ಗೋವಿಂದ ಭಟ್ಟರಿಗೆ ಆ ಮಾತಿನಲ್ಲಿ ಉದ್ಧಟತನ ಕೇಳಿಸಲಿಲ್ಲ, ದೇವರೊಬ್ಬನೇ ಅನ್ನೋ ತತ್ವ ಕೇಳಿಸಿತು. ಎರಡೂ ಕಡೆಯ ಜನ ಆಡಿಕೊಂಡರೂ ಅವರು ಶಿಷ್ಯನ ಕೈ ಬಿಡಲಿಲ್ಲ. ಆ ಶಿಷ್ಯ ಮುಂದೆ ತಾನೇ ಕನ್ನಡ ಶಾಲೆಯ ಮಾಸ್ತರರಾದರು, ನಾಡಿಗೆಲ್ಲ ತತ್ವಪದ ಕೊಟ್ಟರು.

ಇನ್ನು ಮುಂಡಗೋಡಕ್ಕೇ ಬನ್ನಿ. 1960ರ ದಶಕದಲ್ಲಿ ಅಲ್ಲಿ ಟಿಬೆಟನ್ ನಿರಾಶ್ರಿತರ ಕ್ಯಾಂಪ್ ಆಯಿತು. ಗಾಡೆನ್, ದ್ರೆಪುಂಗ್ ಮಠಗಳು ಅಲ್ಲಿ ಮತ್ತೆ ತಲೆ ಎತ್ತಿದವು. ಆ ಮಠಗಳ ಅಂಗಳದಲ್ಲಿ ಚರ್ಚೆ ನಡೆಯೋದನ್ನು ನೋಡಿದ್ದೀರಾ? ಒಬ್ಬ ಕೂತಿರ್ತಾನೆ, ಇನ್ನೊಬ್ಬ ನಿಂತು, ಕಾಲು ಅಪ್ಪಳಿಸಿ, ಕೈ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೀತಾನೆ. ಹೊರಗಿನವರಿಗೆ ಜಗಳದ ಥರ ಕಾಣುತ್ತೆ, ಆದರೆ ಅದೇ ಅವರ ಪಾಠ. ನಮ್ಮ ಶಾಲೆಯಲ್ಲಿ 'ಎದುರು ಮಾತಾಡ್ತಾನೆ' ಅನ್ನೋದು ದೂರು. ಅಲ್ಲಿ ಎದುರು ಮಾತಾಡೋಕೆ ಬರದೇ ಇರೋದು ಕೊರತೆ.

ಅಂದರೆ 'ಕಷ್ಟದ ಹುಡುಗ' ಅನ್ನೋದು ಹುಡುಗನ ಹಣೆಯಲ್ಲಿ ಬರೆದಿರಲ್ಲ, ನೋಡೋರ ಕಣ್ಣಿನಲ್ಲೂ ಅರ್ಧ ಇರುತ್ತೆ. ಇದು ನನಗೆ ಪುಸ್ತಕದಿಂದ ಬಂದ ಜ್ಞಾನ ಅಲ್ಲ. ಹಳಿಯಾಳ ತಾಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಅಕ್ಕೋರು ಕಲಿಸಿದ್ದು.

1990ರ ದಶಕದ ಕೊನೆ. ನಾನು ನಾಲ್ಕನೇ ಕ್ಲಾಸು. ಓದಿನಲ್ಲಿ ಮುಂದೆ, ಬಾಯಿ ಇನ್ನೂ ಮುಂದೆ. ನಮ್ಮ ಕ್ಲಾಸಿಗೆ ಗೌಳಿವಾಡದಿಂದ ಒಬ್ಬ ಹುಡುಗ ಕಾಡುದಾರಿಯಲ್ಲಿ ನಡೆದು ಬರ್ತಿದ್ದ. ಎಮ್ಮೆ ಕಾಯೋ ಮನೆತನ. ಏನು ಕೇಳಿದರೂ ಸುಮ್ಮನೆ ನಿಲ್ತಿದ್ದ. ಗದರಿದರೆ ಮಾರನೇ ದಿನ ಶಾಲೆಗೇ ಬರ್ತಿರಲಿಲ್ಲ. ನಾನು ಅವನಿಗೆ 'ಮೂಗ' ಅಂತ ಹೆಸರಿಟ್ಟೆ. ಒಂದೇ ವಾರದಲ್ಲಿ ಇಡೀ ಕ್ಲಾಸಿಗೆ ಅದೇ ಅವನ ಹೆಸರಾಯಿತು.

ಒಂದು ದಿನ ಅಕ್ಕೋರ ಕಿವಿಗೆ ಬಿತ್ತು. ಬೆತ್ತ ಬರುತ್ತೆ ಅಂತ ಕೈ ಚಾಚಿ ನಿಂತೆ. ಬೆತ್ತ ಬರಲಿಲ್ಲ. 'ನಾಳೆಯಿಂದ ನೀ ಇವನ ಬಾಜೂಕ ಕೂಡು. ದಿನಾ ಹತ್ತು ಶಬ್ದ ಇವನ ಭಾಷೇದಾಗ ಕಲಿ. ಶನಿವಾರ ಎಲ್ಲಾರ ಮುಂದ ಹೇಳು' ಅಂದರು, ಅಷ್ಟೇ.

ಸುಲಭ ಅಂದುಕೊಂಡೆ. ಆದರೆ ಅವನು ನನಗೆ ಒಂದೂ ಶಬ್ದ ಹೇಳಲಿಲ್ಲ. ಯಾಕೆ ಹೇಳಬೇಕು, ಹೇಳಿ? ಶನಿವಾರ ಬಂತು. ಕರಿಹಲಗೆಯ ಮುಂದೆ ನಿಂತೆ. ಬಾಯಿಂದ ಏನೂ ಹೊರಡಲಿಲ್ಲ. ಕ್ಲಾಸು ನಕ್ಕಿತು. ಆ ಅರ್ಧ ನಿಮಿಷ ನನಗೆ ಇವತ್ತಿಗೂ ನೆನಪಿದೆ. ಟಿವಿ ಕ್ಯಾಮೆರಾ ಮುಂದೆ ಟೆಲಿಪ್ರಾಂಪ್ಟರ್ ಕೈಕೊಟ್ಟಾಗಲೂ ನಾನು ಅಷ್ಟು ಬೆವರಿಲ್ಲ. ಶಬ್ದ ಇಲ್ಲದೆ ನಿಂತವನು ಮೂಗನಲ್ಲ, ದಡ್ಡನೂ ಅಲ್ಲ ಅಂತ ಅವತ್ತು ಗೊತ್ತಾಯಿತು. ಅಕ್ಕೋರು ಉಪದೇಶ ಮಾಡಲಿಲ್ಲ. 'ಕೂಡು. ಮುಂದಿನ ಶನಿವಾರ ಹೇಳು' ಅಂದರು.

ಆಮೇಲೆ ನಾನು ಅವನನ್ನು ಕ್ಷಮೆ ಕೇಳಿದೆನಾ? ಇಲ್ಲ, ಅಷ್ಟು ದೊಡ್ಡ ಮನಸ್ಸು ಇರಲಿಲ್ಲ. ಬುತ್ತಿಯಲ್ಲಿದ್ದ ಚುರುಮುರಿ ಹಂಚಿಕೊಂಡೆ. ಅವನು ಮೊದಲು ಹೇಳಿದ್ದು 'ಪಾಣಿ'. ನೀರು. ಆಮೇಲೆ ಘರ್, ಮ್ಹೈಸ್. ಮನೆ, ಎಮ್ಮೆ. ಅವರ ಮನೆಮಾತು ಮರಾಠಿಗೆ ಹತ್ತಿರದ್ದು. ನಾನು ತಪ್ಪು ಹೇಳಿದರೆ ಬಿದ್ದು ಬಿದ್ದು ನಗ್ತಿದ್ದ. ಹಾಗೆ ತಿದ್ದುತ್ತಾ ತಿದ್ದುತ್ತಾ ಅವನ ಬಾಯಲ್ಲಿ ಕನ್ನಡ ಬಂತು.

ನೋಡಿ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕು ತಾಲೂಕುಗಳಲ್ಲಿ ಎಷ್ಟು ಮನೆಮಾತು ಇದೆ ಗೊತ್ತಾ? ಕುಣಬಿಗಳು, ಸಿದ್ದಿಗಳು ಆಡೋ ಕೊಂಕಣಿ. ಗೌಳಿಗಳ ಮರಾಠಿ. ಟಿಬೆಟನ್. ಉರ್ದು. ದಾಂಡೇಲಿ ಪೇಪರ್ ಮಿಲ್ಲಿಗೆ ಕೆಲಸಕ್ಕೆ ಬಂದವರ ಜೊತೆ ಬಂದ ಇನ್ನಷ್ಟು ಭಾಷೆ. ಇಂಥ ಮಗು ಒಂದನೇ ಕ್ಲಾಸಿನಲ್ಲಿ ಉತ್ತರ ಕೊಡದಿದ್ದರೆ ಅದು ಹಠ ಅಲ್ಲ. ಪ್ರಶ್ನೆಯೇ ಅದಕ್ಕೆ ತಲುಪಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಾದ ಕಡೆ ಕನಿಷ್ಠ ಐದನೇ ಕ್ಲಾಸಿನವರೆಗೆ ಮನೆಮಾತಿನಲ್ಲಿ ಕಲಿಸಿ ಅನ್ನುತ್ತೆ. ಜೋಯಿಡಾದ ಕಾಡಿನೊಳಗಿನ ಶಾಲೆಯಲ್ಲಿ ಅದನ್ನು ಮಾಡೋರು ಯಾರು? ಆ ಭಾಷೆಯ ನಾಲ್ಕು ಶಬ್ದ ಕಲಿಯೋ ಮನಸ್ಸಿರೋ ಮೇಷ್ಟ್ರು, ಅಕ್ಕೋರು. ಬೇರೆ ಯಾರೂ ಅಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ. ಅದರ 17ನೇ ಸೆಕ್ಷನ್ ಮಗುವನ್ನು ಹೊಡೆಯೋದಷ್ಟೇ ಅಲ್ಲ, ಮಾನಸಿಕ ಹಿಂಸೆ ಕೊಡೋದನ್ನೂ ನಿಷೇಧಿಸುತ್ತೆ. 'ಹೊಡೆಯದೆ ಬುದ್ಧಿ ಬರಲ್ಲ' ಅನ್ನೋರು ಇನ್ನೂ ಇದ್ದಾರೆ. ನಮ್ಮ ಅಕ್ಕೋರಿಗೆ ಆಗ ಈ ಕಾಯ್ದೆಯ ಆಸರೆ ಇರಲಿಲ್ಲ. ಆದರೂ ಅವರ ಶಿಕ್ಷೆ ನನಗೆ ಬೆತ್ತಕ್ಕಿಂತ ಜೋರಾಗಿ ನಾಟಿತು, ಎಲ್ಲೂ ಬಾಸುಂಡೆ ಏಳಲಿಲ್ಲ.

ಕಥೆ ಇಲ್ಲಿಗೇ ಮುಗಿಸಿದರೆ ಚೆನ್ನಾಗಿರುತ್ತೆ. ಆದರೆ ಮುಗಿಯಲ್ಲ. ಮರುವರ್ಷ ಜೂನ್‌ನಲ್ಲಿ ಅಕ್ಕೋರಿಗೆ ವರ್ಗ ಆಯಿತು. ಹೊಸಬರಿಗೆ ಅವನು ಮತ್ತೆ ಕೊನೇ ಸಾಲಿನ ಹುಡುಗ. ಒಂದು ಮಳೆಗಾಲದಲ್ಲಿ ಬರೋದು ನಿಲ್ಲಿಸಿದ, ಆಮೇಲೆ ಬರಲೇ ಇಲ್ಲ. ನಾನು ಎಂಜಿನಿಯರಿಂಗ್ ಮುಗಿಸಿ ಇಲ್ಲಿ ಕೂತಿದ್ದೀನಿ. ಅಂದರೆ ಆ ಶಿಕ್ಷೆಯ ಪೂರ್ತಿ ಲಾಭ ಆಗಿದ್ದು ನನಗೆ.

ಈ ಭಾಗದಲ್ಲಿ ಇದೇ ಮಾತು ದೊಡ್ಡ ಮಟ್ಟದಲ್ಲೂ ನಡೆದಿದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕಾಡಿನಂಚಿನ ಮಕ್ಕಳು ರಾಷ್ಟ್ರಮಟ್ಟದಲ್ಲಿ ಓಡಿದರು. ಕೆಲವೇ ವರ್ಷಗಳಲ್ಲಿ ಆ ತರಬೇತಿ ನಿಂತುಹೋಯಿತು. ಎಷ್ಟೋ ಮಕ್ಕಳು ಬಂದ ದಾರಿಯಲ್ಲೇ ವಾಪಸ್ ಹೋದರು. ಕೈ ಹಿಡಿದು ಅರ್ಧ ದಾರಿಯಲ್ಲಿ ಬಿಡೋದು, ಹಿಡಿಯದೇ ಇರೋದಕ್ಕಿಂತ ಕ್ರೂರ ಅಲ್ವಾ?

ಹಾಗಾಗಿ ನಾಳೆ ಹಾರ ಹಾಕೋ ಮುಂಚೆ ಎರಡು ಕೆಲಸ ಮಾಡೋಣ. ಶಿಕ್ಷಕರೇ, ಕೊನೇ ಸಾಲಿನ ಆ ಮಗುವನ್ನು ಮೂರು ಪ್ರಶ್ನೆ ಕೇಳಿ. ಮನೆಯಲ್ಲಿ ಯಾವ ಮಾತಾಡ್ತೀರಿ? ಎಷ್ಟು ದೂರ ನಡೆದು ಬಂದೆ? ಬೆಳಿಗ್ಗೆ ಏನು ತಿಂದೆ? ಉತ್ತರ ಬಂದ ಮೇಲೂ 'ಕಷ್ಟದ ಹುಡುಗ' ಅನ್ನಿಸಿದರೆ ಆಗ ಹೇಳಿ. ಸರ್ಕಾರಕ್ಕೆ ಒಂದೇ ಮಾತು. ವರ್ಗಾವಣೆ ಪಟ್ಟಿಗೆ ಸಹಿ ಹಾಕುವಾಗ, ಒಬ್ಬ ಶಿಕ್ಷಕಿ ಹೋದರೆ ಯಾವ ಮಗುವಿನ ಬಾಯಿ ಮತ್ತೆ ಮುಚ್ಚುತ್ತೆ ಅಂತ ಒಂದು ಸಲ ಯೋಚಿಸಿ. ಬದಲಿ ಶಿಕ್ಷಕರು ಬರುವವರೆಗೆ ಅವರನ್ನು ಕಳಿಸಬೇಡಿ.

ಅಕ್ಕೋರೇ, ನೀವು ಎಲ್ಲಿದ್ದರೂ ನಿಮಗೆ ನಮಸ್ಕಾರ. ಆ ಹತ್ತು ಶಬ್ದ ಇನ್ನೂ ಮರೆತಿಲ್ಲ.

ಮತ್ತೆ ಸಿಗೋಣ.