ಕಡತಕ್ಕೆ ಸೇರಿದ ಹಾಳೆ



ಅಂಕಪಟ್ಟಿಯಲ್ಲಿ ನಿಮ್ಮ ಹೆಸರಿನ ಒಂದಕ್ಷರ ತಪ್ಪಾದರೆ ಎಷ್ಟು ಅಲೆದಾಟ! ಇನ್ನು ಸೇನಾಧಿಕಾರಿಯೊಬ್ಬರ ಸೇವಾ ದಾಖಲೆಯಲ್ಲಿ ‘ತಪ್ಪಿತಸ್ಥ’ ಎಂದು ಬರೆದುಬಿಟ್ಟಿದ್ದರೆ?

1945ರ ಜುಲೈ 30ರಂದು ಅಮೆರಿಕದ ಯುದ್ಧನೌಕೆ ಇಂಡಿಯಾನಾಪೊಲಿಸ್ ಜಪಾನಿನ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಸುಮಾರು 12 ನಿಮಿಷಗಳಲ್ಲಿ ಮುಳುಗಿತು. ಸುಮಾರು 1,200 ಮಂದಿಯಲ್ಲಿ ಉಳಿದವರು 316. ನಾಲ್ಕನೆಯ ದಿನ ವಿಮಾನವೊಂದರ ಕಣ್ಣಿಗೆ ಬೀಳುವವರೆಗೂ ಅವರನ್ನು ಹುಡುಕಿದವರೇ ಇಲ್ಲ. ಆದರೂ ಸೇನಾ ನ್ಯಾಯಾಲಯದ ಕಟಕಟೆ ಏರಿದವರು ನೌಕೆಯ ಕ್ಯಾಪ್ಟನ್ ಚಾರ್ಲ್ಸ್ ಮ್ಯಾಕ್‌ವೇ. ನೌಕೆಯನ್ನು ಅಂಕುಡೊಂಕಾಗಿ ನಡೆಸಲಿಲ್ಲ ಎಂಬುದು ಸಾಬೀತಾದ ಆರೋಪ.

ಇಲ್ಲೊಂದು ಸೋಜಿಗವಿದೆ. ಜಲಾಂತರ್ಗಾಮಿಯ ಕಮಾಂಡರ್ ಹಷಿಮೊಟೊ ಅವರನ್ನೇ ಸಾಕ್ಷಿಗೆ ಕರೆಸಿದ್ದರು. ನೌಕೆ ಅಂಕುಡೊಂಕಾಗಿ ಸಾಗಿದ್ದರೂ ಗುರಿ ತಪ್ಪುತ್ತಿರಲಿಲ್ಲವೆಂದು ಅವರು ಹೇಳಿದರು. ಅವರು ಬಿಟ್ಟದ್ದು ಬೀಸಣಿಗೆಯಂತೆ ಹರಡಿಕೊಂಡು ಹೋಗುವ ಆರು ಟಾರ್ಪಿಡೊ, ತಾಗಿದ್ದು ಎರಡು. ರೇಖಾಗಣಿತ ಓದಿದ ನಿಮಗೆ ಆ ಮಾತಿನ ತೂಕ ತಿಳಿದೀತು. ನ್ಯಾಯಾಲಯಕ್ಕೆ ತಿಳಿಯಲಿಲ್ಲ.

ಶಿಕ್ಷೆಯೇನೋ ಮನ್ನಾ ಆಯಿತು, ತೀರ್ಪು ಕಡತದಲ್ಲೇ ಉಳಿಯಿತು. 1968ರಲ್ಲಿ ಮ್ಯಾಕ್‌ವೇ ಆತ್ಮಹತ್ಯೆ ಮಾಡಿಕೊಂಡರು.

ಬದುಕುಳಿದ ನಾವಿಕರು ದಶಕಗಳ ಕಾಲ ಅರ್ಜಿ ಹಿಡಿದು ಅಲೆದರು. 1990ರ ದಶಕದಲ್ಲಿ ಫ್ಲಾರಿಡಾದ ಹಂಟರ್ ಸ್ಕಾಟ್ ಎಂಬ ಶಾಲಾ ಬಾಲಕ ಇತಿಹಾಸದ ಪ್ರಾಜೆಕ್ಟಿಗೆಂದು ಇದೇ ವಿಷಯ ಆರಿಸಿಕೊಂಡ. ನಾವಿಕರನ್ನು ಮಾತನಾಡಿಸಿದ, ದಾಖಲೆಗಳನ್ನು ಒಟ್ಟುಮಾಡಿದ, 1999ರಲ್ಲಿ ಸೆನೆಟ್ ಸಮಿತಿಯ ಮುಂದೆಯೇ ನಿಂತ. 2000ದಲ್ಲಿ ಅಮೆರಿಕದ ಕಾಂಗ್ರೆಸ್ ಮ್ಯಾಕ್‌ವೇ ನಿರ್ದೋಷಿ ಎಂದು ನಿರ್ಣಯಿಸಿತು. 2001ರ ಜುಲೈನಲ್ಲಿ ನೌಕಾ ಕಾರ್ಯದರ್ಶಿ ಅದನ್ನು ಅವರ ಸೇವಾ ದಾಖಲೆಗೆ ಸೇರಿಸಲು ಆದೇಶಿಸಿದರು.

ಗಮನಿಸಿ, ಹಳೆಯ ತೀರ್ಪನ್ನು ಯಾರೂ ರದ್ದುಪಡಿಸಲಿಲ್ಲ. ನನಗಿದು ಅರ್ಧ ನ್ಯಾಯವೆನಿಸುತ್ತದೆ. ಒಂದೇ ಕಡತದಲ್ಲಿ ಎರಡೂ ಹಾಳೆಗಳಿವೆ.