ಕಟ್ಟಿದವರು ಕೂರಲಿಲ್ಲ



ದಿನಾ ಬಸ್ಸಿನಲ್ಲಿ ವಿಧಾನಸೌಧದ ಮುಂದೆಯೇ ಹೋಗುತ್ತೀರಿ. ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಬಗ್ಗೆ ಕೇಳಿದರೆ ನಿಮ್ಮಲ್ಲಿ ಎಷ್ಟು ಜನ ಹೇಳಬಲ್ಲಿರಿ?

1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದವರು. ಪುಣೆಯಲ್ಲಿ ಕಾನೂನು ಓದಿ ಕರಿಕೋಟು ತೊಟ್ಟರು. ವಕೀಲಿಯಲ್ಲೇ ಸುಖವಾಗಿ ಇರಬಹುದಿತ್ತು. ಚಳವಳಿಗೆ ಧುಮುಕಿ ಜೈಲು ಕಂಡರು. ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು.

ಆಗ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದರು. ಒಂದಾಗೋಣ ಎಂದರೆ ಹಳೇ ಮೈಸೂರಿನ ಅನೇಕ ಮುಖಂಡರಿಗೆ ಭಯ. ನಮ್ಮ ಬಲ ಕುಗ್ಗುತ್ತದೆ, ಅಧಿಕಾರ ಕೈತಪ್ಪುತ್ತದೆ ಎಂಬ ಲೆಕ್ಕಾಚಾರ. ಆ ಲೆಕ್ಕ ಹನುಮಂತಯ್ಯನವರಿಗೂ ಗೊತ್ತಿತ್ತು. ಆದರೂ ತಮ್ಮವರನ್ನೇ ಎದುರು ಹಾಕಿಕೊಂಡು ಏಕೀಕರಣದ ಪರ ವಾದಿಸಿದರು.

ವಿಧಾನಸೌಧದ ಖರ್ಚಿನ ಬಗ್ಗೆಯೂ ಬೊಬ್ಬೆ ಎದ್ದಿತು. 1956ರ ಆಗಸ್ಟಿನಲ್ಲಿ ಸ್ವಪಕ್ಷದವರ ವಿರೋಧದಿಂದಲೇ ಅಧಿಕಾರ ಬಿಡಬೇಕಾಯಿತು. ನವೆಂಬರ್ 1ರಂದು ನಾಡು ಒಂದಾಯಿತು. ಆ ದಿನ ಮುಖ್ಯಮಂತ್ರಿಯಾದವರು ಇನ್ನೊಬ್ಬ ವಕೀಲರು, ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಕಟ್ಟಿದವರಿಗೆ ಕುರ್ಚಿ ಸಿಗಲಿಲ್ಲ. ನಮಗೆ ನಾಡು ಸಿಕ್ಕಿತು!

ಮುಂದೆ ಅವರು ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು, ಕೇಂದ್ರದಲ್ಲಿ ರೈಲ್ವೆ ಮಂತ್ರಿಯಾದರು. 1980ರಲ್ಲಿ ತೀರಿಕೊಂಡರು.

ಆ ಕಟ್ಟಡದ ಹಣೆಯ ಮೇಲೆ ಬರೆದಿದೆ: 'ಸರ್ಕಾರದ ಕೆಲಸ ದೇವರ ಕೆಲಸ'. ಓಟು ಕೇಳಲು ಮನೆಬಾಗಿಲಿಗೆ ಬರುವವರನ್ನು ಒಂದೇ ಮಾತು ಕೇಳಿ: ಸ್ವಾಮಿ, ನಾಡಿಗೆ ಒಳ್ಳೆಯದಾಗುವುದಾದರೆ, ನಿಮ್ಮ ಕುರ್ಚಿಗೆ ಕುತ್ತು ಬಂದರೂ ಬಾಯಿ ಬಿಡುತ್ತೀರಾ?

ಉತ್ತರ ಬರುವ ತನಕ ಬಾಗಿಲಲ್ಲೇ ನಿಲ್ಲಿಸಿ.